ಕರಾವಳಿಗೆ ಹೊರಡುವ ಮುನ್ನ

ಘಟ್ಟದ ಮೇಲಿನ ಸಂಸಾರವೊಂದು ಕಡಲತೀರದ ಪ್ರವಾಸಕ್ಕೆ ಮನಸ್ಸು ಮಾಡಿತೆಂದರೆ, ಮೊತ್ತಮೊದಲು ಹುಟ್ಟಿಕೊಳ್ಳುವುದು ಒಂದು ಪಟ್ಟಿ. ಕಾರವಾರ, ಗೋಕರ್ಣ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಮಲ್ಪೆ, ಕಟೀಲು, ಮಂಗಳೂರು. ಮಕ್ಕಳ ಒತ್ತಾಯಕ್ಕೆ ಇನ್ನೆರಡು, ಅಜ್ಜಿಯ ಹರಕೆಗೆ ಮತ್ತೊಂದು. ಊರುಗಳು ಹನ್ನೊಂದು, ಹಗಲು ಮೂರು, ಇರುಳು ಎರಡು. ನಕ್ಷೆಯನ್ನು ಹರಡಿ ನೋಡಿದರೆ ಇದರಲ್ಲಿ ಅಸಾಧ್ಯವಾದುದೇನೂ ಕಾಣುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಒಂದೇ ಹೆದ್ದಾರಿ, ಸುಮಾರು 270 ಕಿಲೋಮೀಟರು. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮುಗಿಯುವ ದಾರಿಯನ್ನು ಮೂರು ದಿನಕ್ಕೆ ಹಂಚಿಕೊಳ್ಳುವುದೇ ದೊಡ್ಡ ಔದಾರ್ಯವೆಂದು ಮನೆಯ ಯಜಮಾನರಿಗೆ ತೋರುತ್ತದೆ. ಮನೆಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ಮಾತ್ರ ದೇವಸ್ಥಾನಗಳ ಮುಂದಿನ ಸರದಿಯ ಸಾಲು, ಊಟದ ಹೋಟೆಲಿನ ಗದ್ದಲ, ಕಾರಿನ ಕಿಟಕಿಯಲ್ಲಿ ಆಗಾಗ ಮಿಂಚಿ ಮರೆಯಾದ ನೀಲಿಯ ಒಂದು ಗೆರೆ.

ಈ ಪಟ್ಟಿಯ ದೋಷವಿರುವುದು ಅಳತೆಯಲ್ಲಿ. ಬಯಲುಸೀಮೆಯ ದಾರಿಯನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ಸರಿಯೇ. ಕರಾವಳಿಯನ್ನು ಹೊಳೆಗಳಲ್ಲಿ ಅಳೆಯಬೇಕು. ಉತ್ತರದಿಂದ ಎಣಿಸುತ್ತ ಬಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರದ ಹೊಳೆ. ಕುಂದಾಪುರದ ಬಳಿ ಒಂದುಗೂಡುವ ಐದು ನದಿಗಳು. ಮುಂದೆ ಸೀತಾ, ಸುವರ್ಣಾ, ಉದ್ಯಾವರದ ಹೊಳೆ, ಶಾಂಭವಿ, ನಂದಿನಿ. ಕೊನೆಗೆ ಮಂಗಳೂರನ್ನು ಎರಡು ಮಗ್ಗುಲಿನಿಂದಲೂ ಬಳಸಿ ಬಂದು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುವ ಫಲ್ಗುಣಿ ಮತ್ತು ನೇತ್ರಾವತಿ. ಸೇತುವೆಗಳಿಲ್ಲದ ಕಾಲದಲ್ಲಿ ದಾರಿಗನು ಪ್ರತಿಯೊಂದು ಹೊಳೆಯ ದಂಡೆಯಲ್ಲಿಯೂ ನಿಲ್ಲಲೇಬೇಕಾಗಿತ್ತು. ದೋಣಿ ಆಚೆಯ ದಡದಲ್ಲಿದ್ದರೆ ಅದು ಬರುವವರೆಗೆ ಕಾಯಬೇಕು; ಮಳೆಗಾಲದ ನೆರೆಯಿದ್ದರೆ ಅದು ಇಳಿಯುವವರೆಗೆ ಕಾಯಬೇಕು; ಕತ್ತಲೆಯಾಗಿದ್ದರೆ ಬೆಳಕು ಹರಿಯುವವರೆಗೆ ಕಾಯಬೇಕು. ಕಾಯುವವನಿಗೆ ಊಟ ಬೇಕು, ಮಲಗಲು ಒಂದು ಜಗುಲಿ ಬೇಕು. ಹೀಗೆ ಕಡವಿನ ಬಳಿಯಲ್ಲಿ ಛತ್ರ, ಅಂಗಡಿ, ಗುಡಿ, ಮಸೀದಿ, ಸುಂಕದಕಟ್ಟೆಗಳು ಕೂಡಿಕೊಂಡವು. ಘಟ್ಟದಿಂದ ಮೆಣಸು, ಅಡಕೆ, ಅಕ್ಕಿಗಳು ಹೊಳೆಯ ದೋಣಿಗಳಲ್ಲಿ ಇಳಿದು ಬಂದು, ಅಳಿವೆಯಲ್ಲಿ ಕಾದಿದ್ದ ಹಾಯಿಹಡಗುಗಳನ್ನು ಏರಿದುದೂ ಇಲ್ಲಿಯೇ. ಹೊನ್ನಾವರ, ಕುಂದಾಪುರ, ಮಂಗಳೂರು ಇವೆಲ್ಲ ಹೊಳೆ ಕಟ್ಟಿದ ಊರುಗಳು.

ಇಂದು ಶರಾವತಿಯನ್ನು ದಾಟಲು ಎರಡು ನಿಮಿಷ ಸಾಕು. ಕುಂದಾಪುರದಲ್ಲಂತೂ ಮೇಲ್ಸೇತುವೆಯು ಪ್ರಯಾಣಿಕನನ್ನು ಊರಿನ ತಲೆಯ ಮೇಲಿನಿಂದಲೇ ದಾಟಿಸಿಬಿಡುತ್ತದೆ. ಅನುಕೂಲವೇನೋ ಹೌದು. ಆದರೆ ಕೆಲಸಕ್ಕೆ ಹೋಗುವವನಿಗೆ ಅನುಕೂಲವಾದ ರಸ್ತೆಯೇ ಊರು ನೋಡಲು ಹೊರಟವನಿಗೆ ಪ್ರತಿಕೂಲವಾಗುತ್ತದೆ. ಆದುದರಿಂದ ಯೋಜನೆ ಮಾಡುವವರು ಹಳೆಯ ದಾರಿಗನ ನಿರ್ಬಂಧವನ್ನು ತಾವಾಗಿಯೇ ಮೈಮೇಲೆ ಹಾಕಿಕೊಳ್ಳುವುದು ಲೇಸು. ಐದು ರಾತ್ರಿಗಳ ಬಿಡುವಿದ್ದರೆ ಮೂರು ಬಿಡಾರಗಳು ಸಾಕು: ಎರಡು ರಾತ್ರಿ ಕುಮಟಾ ಅಥವಾ ಹೊನ್ನಾವರ, ಎರಡು ರಾತ್ರಿ ಕುಂದಾಪುರ, ಒಂದು ರಾತ್ರಿ ಮಂಗಳೂರು. ಬಿಟ್ಟುಹೋದ ಊರುಗಳ ಬಗ್ಗೆ ಮರುಗಬೇಕಾಗಿಲ್ಲ. ಅವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ.

ಇನ್ನು ಕಾಲದ ಮಾತು. ಜೂನಿನಿಂದ ಸೆಪ್ಟೆಂಬರಿನವರೆಗಿನ ಕರಾವಳಿಯು ಬೇರೆಯೇ ಒಂದು ದೇಶ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕ ಮಳೆಯ ಬಹುಪಾಲು ಈ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವುದರಿಂದ ಬಂದರುಗಳು ಮಂಕಾಗಿರುತ್ತವೆ. ಮಲ್ಪೆಯ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಮಳೆಯ ಸೊಬಗನ್ನು ನೋಡಲೆಂದೇ ಬರುವ ರಸಿಕರೂ ಉಂಟು. ಅವರು ರಸ್ತೆಯ ಸುದ್ದಿಯನ್ನು ಕೇಳಿಕೊಂಡೇ ಹೊರಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿಯ ಬದಿಯಲ್ಲಿ ಚಹಾ ಕುಡಿಯಲು ನಿಂತವರನ್ನೂ ಚಹಾ ಮಾಡಿ ಕೊಡುತ್ತಿದ್ದವರನ್ನೂ ಗಂಗಾವಳಿಯ ಪಾಲು ಮಾಡಿತು. ಅದಾಗಿ ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ಮಧ್ಯರಾತ್ರಿ ಮೀರಿದ ಹೊತ್ತಿನಲ್ಲಿ, ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತು. ಚಾಲಕನು ಬದುಕಿ ಉಳಿದುದು ಅವನ ಪುಣ್ಯ. ಹೊಳೆಗಳನ್ನು ಗೆದ್ದೆವೆಂದು ತಿಳಿಯುವುದು ಇನ್ನೂ ಆತುರದ ಮಾತೇ ಸರಿ.

ನವೆಂಬರಿನ ನಡುವಿನಿಂದ ಫೆಬ್ರವರಿಯವರೆಗೆ ಕರಾವಳಿಯ ಹವೆ ಹಿತವಾಗಿರುತ್ತದೆ. ಇದರಲ್ಲಿಯೂ ಕ್ರಿಸ್‌ಮಸ್ಸಿನ ಹಿಂದುಮುಂದಿನ ದಿನಗಳನ್ನು ಬಿಡಬೇಕು. ಶಾಲೆಗಳ ಪ್ರವಾಸ, ನಗರದವರ ರಜೆ, ಅಯ್ಯಪ್ಪನ ಯಾತ್ರಿಕರು ಎಲ್ಲ ಒಟ್ಟಿಗೆ ಕೂಡಿ, ಕೊಠಡಿಯ ಬಾಡಿಗೆ ಏರುತ್ತದೆ, ಮನೆಯವರ ಸಹನೆ ಇಳಿಯುತ್ತದೆ. ಜನವರಿಯ ಕೊನೆ, ಫೆಬ್ರವರಿಯ ಮೊದಲು ಎಲ್ಲಕ್ಕಿಂತ ಉತ್ತಮ. ಯಕ್ಷಗಾನ ಮೇಳಗಳ ತಿರುಗಾಟ, ಕಂಬಳದ ಓಟ ಎರಡೂ ಆಗ ನಡೆಯುತ್ತಿರುತ್ತವೆ. ರಾತ್ರಿ ಎಲ್ಲಿಂದಲೋ ಚಂಡೆಯ ದನಿ ಕೇಳಿಬಂದರೆ, ನಾಳೆಯ ಪಟ್ಟಿಯನ್ನು ಮರೆತು ಆ ದನಿಯ ಜಾಡು ಹಿಡಿದು ಹೋಗುವುದು ಜಾಣತನ. ನಾಳೆ ಬೆಳಗ್ಗೆ ತಡವಾಗಿ ಏಳಬಹುದು. ಐದು ರಾತ್ರಿಗೆ ಮೂರೇ ಬಿಡಾರವೆಂದು ಹೇಳಿದುದು ಇದಕ್ಕಾಗಿಯೇ.

ಮೊದಲ ಬಿಡಾರಕ್ಕೆ ಕುಮಟಾ–ಹೊನ್ನಾವರದ ಸೀಮೆಯನ್ನು ಆರಿಸಿಕೊಳ್ಳಲು ಕಾರಣಗಳಿವೆ. ಕುಮಟೆಯ ಹೆಸರನ್ನು ಇಂದು ಗೋಕರ್ಣಕ್ಕೆ ಹೋಗುವ ಬಸ್ಸಿನ ಹಲಗೆಯ ಮೇಲೆ ಮಾತ್ರ ಓದುವವರೇ ಬಹಳ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವನ್ನಿಳಿದು ಇಲ್ಲಿಯೇ ಹಡಗನ್ನೇರುತ್ತಿದ್ದುದರಿಂದ, ಪರದೇಶದ ಪೇಟೆಗಳಲ್ಲಿ ಆ ಹತ್ತಿಗೆ ಕುಮಟಾ ಎಂದೇ ಹೆಸರು ಬಿದ್ದಿತ್ತು. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿಸಿದ ಊರಿನ ಹೆಸರು ನಿಂತಿತು! ಹುಬ್ಬಳ್ಳಿಯಿಂದ ಮರ್ಮಗೋವೆಗೆ ರೈಲು ಬಂದ ಮೇಲೆ ಹತ್ತಿಯು ದಾರಿ ಬದಲಿಸಿತು. ಕುಮಟೆಯ ಬಂದರಿನ ಭಾಗ್ಯವೂ ಅದರೊಂದಿಗೆ ಇಳಿಯಿತು.

ಕುಮಟೆಯಿಂದ ತುಸು ಉತ್ತರಕ್ಕೆ ಅಘನಾಶಿನಿ. ಅಣೆಕಟ್ಟಿಲ್ಲದೆ ಕಡಲನ್ನು ಮುಟ್ಟುವ ಈ ಹೊಳೆಯ ಅಳಿವೆ ಪ್ರದೇಶವು 2024ರಲ್ಲಿ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಸಾಲಿಗೆ ಸೇರಿತು. ಉಬ್ಬರದಲ್ಲಿ ಕಡಲಿನ ಉಪ್ಪುನೀರು ಒಳನುಗ್ಗುವ ಗಜನಿ ಭೂಮಿಯಲ್ಲಿ ಇಲ್ಲಿನ ರೈತರು ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನು ತಾಳಿಕೊಳ್ಳುವ ಭತ್ತ ಅದು. ಮಳೆಗಾಲದಲ್ಲಿ ಬತ್ತದ ಗದ್ದೆ, ಕೊಯ್ಲಾದ ಮೇಲೆ ಮೀನು ಸಿಗಡಿಗಳ ಗದ್ದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಹೊಳೆಗಿಳಿದು ಚಿಪ್ಪಿನ ಮೀನನ್ನು ಆರಿಸುತ್ತಿರುತ್ತಾರೆ. ಗೋಕರ್ಣದ ಕಡೆಗೆ ಹೊರಳಿದರೆ ಸಾಣಿಕಟ್ಟೆಯ ಉಪ್ಪಿನಾಗರಗಳು. ಬಿಸಿಲು ಏರಿದಂತೆ ಬೆಳ್ಳಗೆ ರಾಶಿಗಳು ಏಳುತ್ತವೆ. ನೀರು ಒಂದೇ, ಅದರಿಂದ ಅನ್ನ, ಮೀನು, ಉಪ್ಪು ಮೂರನ್ನೂ ಪಡೆಯುವ ಸೀಮೆಯನ್ನು ಅರ್ಧ ದಿನವಾದರೂ ನಿಂತು ನೋಡಬಾರದೇ? ಇದಕ್ಕೆ ಟಿಕೀಟಿಲ್ಲ, ಸರದಿಯ ಸಾಲೂ ಇಲ್ಲ. ಮಿರ್ಜಾನಿನ ಜಂಬಿಟ್ಟಿಗೆಯ ಕೋಟೆ ಇದೇ ಹೊಳೆಯ ಮಗ್ಗುಲಿನಲ್ಲಿದೆ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಹೊನ್ನಾವರದ ಹಿರಿಮೆಯು ಇದಕ್ಕೂ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರದಲ್ಲಿ ಸಂಚರಿಸಿದ ಮೊರಾಕ್ಕೋ ದೇಶದ ಇಬ್ನ್ ಬತೂತನು ಇಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಹುಡುಗಿಯರ ಶಾಲೆಗಳನ್ನು ಹೀಗೆ ಬೇರೆಲ್ಲಿಯೂ ಕಾಣಲಿಲ್ಲವೆಂಬುದು ಅವನ ಮಾತು. ಅರ್ಧ ಜಗತ್ತನ್ನು ಸುತ್ತಿದವನ ಮಾತಾದುದರಿಂದ ಅದಕ್ಕೆ ತೂಕವುಂಟು. ಈಗ ಹೊನ್ನಾವರದಲ್ಲಿ ನಿಲ್ಲುವವರು ಶರಾವತಿಯ ಹಿನ್ನೀರಿನಲ್ಲಿ ದೋಣಿಯೇರಿ, ಕಾಂಡ್ಲಾ ಗಿಡಗಳ ನಡುವೆ ಒಂದು ತಾಸು ತೇಲಿ ಬರುವುದುಂಟು. ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದವಾದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕುದು, ಇದೇ ಹೊಳೆಯ ಮೇಲಿದೆ. ದೋಣಿಯಲ್ಲಿ ಕುಳಿತವರ ತಲೆಯ ಮೇಲೆ ರೈಲು ಹಾದುಹೋದರೆ ಮಕ್ಕಳಿಗೆ ಆ ದಿನ ಸಾರ್ಥಕವಾದಂತೆಯೇ. ಯಕ್ಷಗಾನದ ಆಸಕ್ತಿಯುಳ್ಳವರು ಗುಣವಂತೆಯವರೆಗೆ ಹೋಗಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಅದು.

ಭಟ್ಕಳವನ್ನು ಹೆದ್ದಾರಿಯವರು ನಿಲ್ಲದೆ ದಾಟುತ್ತಾರೆ. ಅಲ್ಲಿನ ಹಳೆಯ ಪೇಟೆ, ಕಲ್ಲಿನ ಬಸದಿ, ಹದಿನಾರನೆಯ ಶತಮಾನದ ಖೇತಪೈ ನಾರಾಯಣ ಗುಡಿಯ ಗೋಡೆಯ ಶಿಲ್ಪಗಳು, ಸಂಜೆ ಮಾರುವ ಮಲ್ಲಿಗೆ ಇಷ್ಟಕ್ಕೆ ಎರಡು ಗಂಟೆ ಸಾಕು. ಆ ಎರಡು ಗಂಟೆಯನ್ನು ಉಳಿಸಿದವರು ಗಳಿಸುವುದೇನೂ ಇಲ್ಲ.

ಮುರ್ಡೇಶ್ವರದ ಬಳಿ ಬಂದಾಗ ಮಾತು ಗಂಭೀರವಾಗಬೇಕಾಗುತ್ತದೆ. ಎತ್ತರದ ಶಿವನ ಮೂರ್ತಿ, ಇಪ್ಪತ್ತು ಅಂತಸ್ತಿನ ಗೋಪುರ, ಅವುಗಳ ಕಾಲಬುಡದಲ್ಲಿಯೇ ಕಡಲು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಇಲ್ಲಿ ನೀರಿಗಿಳಿದು ಮರಳಲಿಲ್ಲ. ಕಡಲಿಲ್ಲದ ಸೀಮೆಯ ಮಕ್ಕಳು ಅವರು. ಅನಂತರ ಕೆಲಕಾಲ ಆ ತೀರವನ್ನು ಮುಚ್ಚಲಾಗಿತ್ತು. ಇಂಥ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಿಟ್ಟುಸಿರುಬಿಟ್ಟ ಸಂಸಾರವೇ ಮರುವರ್ಷ ಕೊಠಡಿ, ಊಟ, ಪೆಟ್ರೋಲುಗಳ ಲೆಕ್ಕವನ್ನೆಲ್ಲ ಬರೆದು, ನೀರಿನ ಲೆಕ್ಕವೊಂದನ್ನು ಬರೆಯದೆ ಹೊರಡುತ್ತದೆ.

ಕೆರೆ ಬಾವಿಗಳಲ್ಲಿ ಈಜು ಕಲಿತವನಿಗೆ ಕಡಲಿನ ಈಜು ಬಂದಂತಲ್ಲ. ಅಲೆಗಳು ದಡಕ್ಕೆ ಹೊತ್ತು ತಂದ ನೀರು ಮರಳಿ ಹೋಗಲೇಬೇಕಷ್ಟೆ. ನೀರಿನೊಳಗಿನ ಮರಳ ದಿಬ್ಬಗಳ ನಡುವೆ ಎಲ್ಲಿ ಸಂದು ಸಿಕ್ಕಿತೋ ಅಲ್ಲಿ ಅದು ಕಿರಿದಾದ ಹೊಳೆಯಂತೆ ಕಡಲಿನತ್ತ ಹರಿಯುತ್ತದೆ. ಆ ಸಂದಿನಲ್ಲಿ ಅಲೆ ಒಡೆಯುವುದು ಕಡಮೆ. ಇಕ್ಕೆಲದ ನೊರೆಗಿಂತ ಅದೇ ಶಾಂತವಾಗಿ ಕಾಣುತ್ತದೆ. ಶಾಂತವಾಗಿದೆಯೆಂದು ಮಕ್ಕಳನ್ನು ಅಲ್ಲಿಯೇ ಇಳಿಸುವವರಿದ್ದಾರೆ! ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ಈಜಿದಷ್ಟೂ ಸೋಲುತ್ತಾನೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತದಿಂದ ಹೊರಬಿದ್ದ ಮೇಲೆ ದಡದತ್ತ ತಿರುಗಬೇಕು. ಹೊಳೆಯು ಕಡಲನ್ನು ಕೂಡುವ ಅಳಿವೆಯ ಬಾಯಲ್ಲಿ, ಅದರಲ್ಲಿಯೂ ನೀರು ಇಳಿಯುವ ಹೊತ್ತಿನಲ್ಲಿ, ಕಾಲಿಡುವುದೇ ಕೂಡದು. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುವ ಚಪಲಕ್ಕೂ ಇದೇ ಮಾತು.

ಉಬ್ಬರ ಇಳಿತಗಳ ವೇಳೆಯನ್ನು ತಿಳಿಯುವುದು ಕಷ್ಟವಲ್ಲ. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಪ್ರತಿಯೊಂದೂ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರೂ ಹೆಚ್ಚು, ಇಳಿತವೂ ಹೆಚ್ಚು. ಗೋಡೆಯ ಪಂಚಾಂಗವನ್ನು ನೋಡಿ ಶುಭದಿನವನ್ನು ಆರಿಸುವ ಗೃಹಿಣಿಯು ಅದೇ ಪಂಚಾಂಗದಿಂದ ಇದನ್ನೂ ಅರಿಯಬಹುದು. ಅದಕ್ಕಿಂತ ಮುಖ್ಯವಾಗಿ, ತೀರದಲ್ಲಿ ಜೀವರಕ್ಷಕರಿದ್ದರೆ ಅವರನ್ನು, ಇಲ್ಲದಿದ್ದರೆ ಬಲೆ ಹೆಣೆಯುತ್ತ ಕುಳಿತ ಮೀನುಗಾರರನ್ನು ಕೇಳಬೇಕು. ಅವರು ಬೇಡವೆಂದ ನೀರಿಗೆ, ಎಷ್ಟು ದೂರದಿಂದ ಬಂದವರಾದರೂ ಸರಿ, ಇಳಿಯಬಾರದು. ದೂರದಿಂದ ಬಂದೆವೆಂಬುದು ಕಡಲಿಗೆ ತಿಳಿಯದು.

ಕುಂದಾಪುರದಲ್ಲಿ ನಿಂತವರಿಗೆ ಹೊಳೆಯ ಅಳತೆಯೆಂದರೇನೆಂಬುದು ಕಣ್ಣಿಗೇ ಕಾಣುತ್ತದೆ. ಎದುರಿನ ದಡದಲ್ಲಿ ಗಂಗೊಳ್ಳಿಯ ಬಂದರು; ಅಲ್ಲಿನ ದೋಣಿಗಳ ಬಣ್ಣವನ್ನು ಇಲ್ಲಿಂದಲೇ ಎಣಿಸಬಹುದು. ರಸ್ತೆಯಲ್ಲಿ ಹೋಗುವುದಾದರೆ ತಲ್ಲೂರು, ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿ ಬರಬೇಕು. ಆ ಸುತ್ತಿನಲ್ಲಿಯೇ ತ್ರಾಸಿಯಿಂದ ತುಸು ಮುಂದೆ ಹೋದರೆ ಮರವಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಎಲ್ಲರೂ ಕಾರನ್ನು ಹೆದ್ದಾರಿಯ ಅಂಚಿಗೆ ನಿಲ್ಲಿಸಿ, ಲಾರಿಗಳ ನಡುವೆ ಮಕ್ಕಳನ್ನು ಓಡಿಸುತ್ತಾರೆ. ಸಂಜೆ ನಾಲ್ಕಕ್ಕೇ ಹೋಗಿ, ಒಳಗೆ ತಗ್ಗಿನಲ್ಲಿ ಗಾಡಿ ಬಿಟ್ಟು, ಹೊತ್ತು ಮುಳುಗುವವರೆಗೆ ಕುಳಿತರೆ ಸೊಗಸು ಹೆಚ್ಚು, ಅಪಾಯ ಕಡಮೆ. ಈ ಸೀಮೆಯ ಕನ್ನಡವನ್ನೂ ಕಿವಿಗೊಟ್ಟು ಕೇಳಬೇಕು. ಬಯಲುಸೀಮೆಯವರಿಗೆ ಮೊದಲ ದಿನ ಅರ್ಧವೂ ಅರ್ಥವಾಗದು. ಎರಡನೆಯ ದಿನ ನಗು ಬರುತ್ತದೆ, ಮೂರನೆಯ ದಿನಕ್ಕೆ ಮಕ್ಕಳು ಅದೇ ಧಾಟಿಯಲ್ಲಿ ಮಾತನಾಡತೊಡಗುತ್ತಾರೆ. ಕಲ್ಯಾಣಪುರದ ಹೊಳೆಯನ್ನು ದಾಟಿದರೆ ತುಳುವಿನ ರಾಜ್ಯ.

ಉಡುಪಿಯನ್ನು ಕುಂದಾಪುರದಿಂದ ಒಂದು ಹಗಲಿನಲ್ಲಿ ನೋಡಿ ಬರಬಹುದು. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಪರ್ಯಾಯ ನಡೆಯುವುದರಿಂದ, ಉತ್ಸವಕ್ಕೆಂದೇ ಬರುವವರ ಹೊರತು ಉಳಿದವರು ಆ ವಾರವನ್ನು ಬಿಡುವುದು ಒಳಿತು. ಮಠದ ಊಟದಲ್ಲಿ ಮಟ್ಟುಗುಳ್ಳದ ಹುಳಿ ಬಿದ್ದರೆ ಭಾಗ್ಯ. ಮಲ್ಪೆಯ ಬಂದರನ್ನು ನೋಡುವವರು ಬೆಳಗಿನ ಜಾವದಲ್ಲಿಯೇ ಹೋಗಬೇಕು. ಹತ್ತು ಗಂಟೆಗೆ ಹೋದವರಿಗೆ ಕಾಣುವುದು ಮಂಜುಗಡ್ಡೆ ಮತ್ತು ಕಾಗೆ. ಕಾಪುವಿನ ದೀಪಸ್ತಂಭವು 1901ರದು; ಸಂಜೆ ಮೇಲೇರಲು ಬಿಡುವುದುಂಟು.

ಮಂಗಳೂರಿಗೆ ಒಂದು ರಾತ್ರಿ ಸಾಲದೆಂದು ಆ ಊರಿನವರು ಮುನಿಸಿಕೊಳ್ಳಬಹುದು. ಕದ್ರಿಯ ಕಂಚಿನ ಲೋಕೇಶ್ವರ, ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ ಚಾವಣಿಗಳ ತುಂಬ ಬರೆದ ಚಿತ್ರಗಳು, ಹಳೆಯ ಬಂದರಿನ ಗೋದಾಮುಗಳ ಹೆಂಚಿನ ಸಾಲು ಇವುಗಳನ್ನಾದರೂ ನೋಡಬೇಕು. ಕನ್ನಡ ಪತ್ರಿಕೆಯನ್ನು ಕೈಯಲ್ಲಿ ಹಿಡಿಯುವ ಯಾರೇ ಆದರೂ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಮೊದಲ ಕನ್ನಡ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಊರು ಇದೆಂಬುದನ್ನು ನೆನೆಯದೆ ಹೋಗಲಾರರು.

ಹೋಗಿಬರುವ ದಾರಿಯ ಬಗ್ಗೆ ಎರಡು ಮಾತು. ಬೆಂಗಳೂರಿನಿಂದ ಕಾರವಾರದವರೆಗೆ ರಾತ್ರಿಯ ರೈಲಿದೆ. ಘಟ್ಟದ ಚೆಲುವೆಲ್ಲ ಕತ್ತಲೆಯ ಪಾಲಾಗುವುದೆಂಬ ಕೊರತೆಯಿದ್ದರೂ, ಬೆಳಗಾಗುವ ಹೊತ್ತಿಗೆ ಕರಾವಳಿಯಲ್ಲಿರುವ ಅನುಕೂಲವುಂಟು. ಕೊಂಕಣ ರೈಲಿನ ನಿಲ್ದಾಣಗಳು ಊರೊಳಗೆ ಇರುವುದು ಅಪರೂಪ. ಗೋಕರ್ಣ ರೋಡ್ ಎಂಬಲ್ಲಿ ಇಳಿದವರಿಗೆ ಗೋಕರ್ಣವು ಇನ್ನೂ ಎಂಟು ಹತ್ತು ಕಿಲೋಮೀಟರು ದೂರವಿರುತ್ತದೆ. ಊರಿಂದೂರಿಗೆ ಬಸ್ಸೇ ಒಳ್ಳೆಯದು. ಸ್ವಂತ ವಾಹನದವರು ಯಾವ ಘಟ್ಟದ ರಸ್ತೆ ತೆರೆದಿದೆಯೆಂದು ಕೇಳಿಯೇ ಹೊರಡಬೇಕು. ಆಗುಂಬೆಯಲ್ಲಿ ಭಾರಿ ವಾಹನಗಳನ್ನು ಬಿಡುವುದಿಲ್ಲ. ದಿನಚರಿಯನ್ನು ಬಿಸಿಲೇ ಬರೆದುಕೊಡುತ್ತದೆ: ಬೆಳಗ್ಗೆ ಪೇಟೆ, ಗುಡಿ, ಹೊಳೆ, ಹನ್ನೊಂದರಿಂದ ಮೂರೂವರೆಯವರೆಗೆ ನೆರಳು, ಸಂಜೆ ಕಡಲು. ನಡುಹಗಲಿನಲ್ಲಿ ಮರಳಿನ ಮೇಲೆ ಮಕ್ಕಳನ್ನು ನಡೆಸುವುದು ಪ್ರವಾಸವಲ್ಲ, ಶಿಕ್ಷೆ. ಹತ್ತಿಯ ಬಟ್ಟೆ, ಕೊಡೆ, ಮರಳು ತಾಗಿದರೂ ಚಿಂತೆಯಿಲ್ಲದ ಚಪ್ಪಲಿ, ಒದ್ದೆಬಟ್ಟೆಗೊಂದು ಬೇರೆ ಚೀಲ ಇಷ್ಟಿದ್ದರೆ ಸಾಕು. ತಿಂಡಿಯ ಡಬ್ಬಿಗಳನ್ನು ಮನೆಯಲ್ಲಿಯೇ ಬಿಡಬಹುದು. ನೀರುದೋಸೆ, ಕೊಟ್ಟೆಕಡುಬು, ಗೋಳಿಬಜೆಗಳ ಸೀಮೆಗೆ ಚಕ್ಕುಲಿ ಹೊತ್ತುಕೊಂಡು ಹೋದವರು, ಅದನ್ನು ಹಾಗೆಯೇ ಹೊತ್ತುಕೊಂಡು ಘಟ್ಟ ಹತ್ತುತ್ತಾರೆ.